ಕಲ್ಲನ್ನು ಓದಿದ ಬ್ರೂಸ್ ಫುಟ್

ಕಳೆದ ವರ್ಷ ನಮ್ಮ ಭೂಗೋಳದ ತರಗತಿಯವರೆಲ್ಲ ದಾವಣಗೆರೆಯಿಂದ ಹರಿಹರಕ್ಕೆ ಹೋಗಿ ತುಂಗಭದ್ರೆಯ ದಡದ ಬಂಡೆಗಳ ನಕ್ಷೆ ತೆಗೆದೆವು. ಕಲ್ಲಿನ ಪದರ ಯಾವ ದಿಕ್ಕಿಗೆ ಹಬ್ಬಿದೆ, ಎಷ್ಟು ಡಿಗ್ರಿ ವಾಲಿದೆ ಎಂಬುದನ್ನು ದಿಕ್ಸೂಚಿ, ಕ್ಲೈನೋಮೀಟರುಗಳಿಂದ ಅಳೆದು, ದೂರವನ್ನು ಹೆಜ್ಜೆಯೆಣಿಸಿ ಬರೆದುಕೊಳ್ಳಬೇಕು. ಬಿಸಿಲಿಗೆ ಸೋತ ನಾನು ಮೂರು ಬಂಡೆಗಳ ಅಳತೆಯನ್ನು ಸಂಜೆ ಅಂದಾಜಿನಿಂದಲೇ ತುಂಬಿಬಿಟ್ಟೆ. ಮರುದಿನ ಗೆಳೆಯನ ನಕ್ಷೆಯೊಡನೆ ಹೋಲಿಸಿದರೆ ನನ್ನ ಪದರಗಳು ಎದುರು ದಿಕ್ಕಿಗೆ ವಾಲಿದ್ದವು! ಅಧ್ಯಾಪಕರು ಗದರಲಿಲ್ಲ. ಬ್ರೂಸ್ ಫುಟ್‌ರವರ ಜೀವನಚರಿತ್ರೆಯನ್ನು ಓದಿಕೊಂಡು ಬರುವಂತೆ ಮಾತ್ರ ಹೇಳಿದರು.

ರಾಬರ್ಟ್ ಬ್ರೂಸ್ ಫುಟ್ ಇಂಗ್ಲೆಂಡಿನಲ್ಲಿ 1834ರಲ್ಲಿ ಜನಿಸಿದರು. 1858ರಲ್ಲಿ ಭಾರತದ ಭೂಗರ್ಭ ಸರ್ವೇಕ್ಷಣ ಇಲಾಖೆಯನ್ನು ಸೇರಿ, 1891ರವರೆಗೆ ಸೇವೆ ಸಲ್ಲಿಸಿ, ದಕ್ಷಿಣದ ನಾಡನ್ನೆಲ್ಲ ಸುತ್ತಿದರು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ, ಜಲ್ಲಿ ತೋಡಿದ್ದ ಗುಂಡಿಯೊಂದರಲ್ಲಿ ಒಂದು ಕಲ್ಲು ಅವರ ಕಣ್ಣಿಗೆ ಬಿತ್ತು. ಅದು ಆದಿಮಾನವನು ಕೆತ್ತಿದ ಆಯುಧವೆಂದು ಅವರು ಗುರುತಿಸಿದರು. ಭಾರತದ ಹಳೆಯ ಶಿಲಾಯುಗದ ಅಧ್ಯಯನ ಅಲ್ಲಿಂದ ಮೊದಲಾಯಿತು. ಈಗ ನಮ್ಮ ಜಿಲ್ಲೆಗೆ ಸೇರಿರುವ ನ್ಯಾಮತಿಯ ಬಳಿಯೂ ಅವರಿಗೆ ಅಂಥ ಆಯುಧಗಳು ದೊರೆತವು.

ಹರಿಹರದಲ್ಲಿ ನಾವು ತುಳಿದ ಬಂಡೆಗಳಿಗೂ ಅವರಿಗೂ ನಂಟುಂಟು. ಇಂಥ ಪದರುಗಲ್ಲುಗಳು ಗ್ನೈಸ್ ಶಿಲೆಗಳಿಂದ ಬೇರೆಯಾದ ಗುಂಪೆಂದು 1880ರ ದಶಕದಲ್ಲಿ ವಿಂಗಡಿಸಿ, ಅದಕ್ಕೆ ಧಾರವಾಡದ ಹೆಸರಿಟ್ಟವರು ಅವರೇ. ದಕ್ಷಿಣ ಭಾರತದ ಚಿನ್ನ ಹೆಚ್ಚಾಗಿ ಈ ಶಿಲಾಸಮೂಹದಲ್ಲಿಯೇ ಇದೆಯೆಂಬುದನ್ನೂ ತೋರಿಸಿಕೊಟ್ಟರು. ಒಂದು ಪದರ ಎಲ್ಲಿ ತೊಡಗಿ ಎಲ್ಲಿ ಮುಗಿಯಿತೆಂದು ನಡೆದು ನೋಡದೆ ಇಂಥ ವಿಂಗಡಣೆ ಸಾಧ್ಯವೆ? 1894ರಲ್ಲಿ ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆ ಆರಂಭವಾದಾಗ, ಅರುವತ್ತರ ವಯಸ್ಸಿನಲ್ಲಿಯೂ ಅದರ ಹೊಣೆ ಹೊತ್ತರು.

ಅವರು ಕೂಡಿಟ್ಟ ಶಿಲಾಯುಧಗಳು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿದವು. 1912ರಲ್ಲಿ ಅವರು ತೀರಿಕೊಂಡರು. ನಾಲ್ಕು ವರ್ಷಗಳ ಮೇಲೆ, 1916ರಲ್ಲಿ ಹೊರಬಂದ ಅವರ ಗ್ರಂಥದಲ್ಲಿ ಆ ಕಲ್ಲುಗಳು ದೊರೆತ ಸ್ಥಳಗಳ ವಿವರಗಳಿವೆ. ಅದನ್ನು ಹಿಡಿದುಕೊಂಡೇ ಮುಂದಿನ ವಿದ್ವಾಂಸರು ಎಷ್ಟೋ ನೆಲೆಗಳನ್ನು ಮತ್ತೆ ಹುಡುಕಿ ಹೋದರು. ಸಿಕ್ಕಿದ ಜಾಗ ಬರೆದಿಡದಿದ್ದರೆ ಅವು ಬರಿಯ ಕಲ್ಲುಗಳಾಗಿ ಉಳಿಯುತ್ತಿದ್ದವಲ್ಲವೆ?

ನಾನು ಅಂದಾಜಿನಿಂದ ತುಂಬಿದ ಅಂಕೆಗಳನ್ನು ನಂಬಿ ಯಾರಾದರೂ ಹರಿಹರಕ್ಕೆ ಬಂದಿದ್ದರೆ ಅವರ ಗತಿಯೇನೆಂದು ಯೋಚಿಸಿ ನನಗೆ ನಾಚಿಕೆಯಾಯಿತು. ಮುಂದಿನ ಭಾನುವಾರ ಒಬ್ಬನೇ ಹೋಗಿ ಆ ಮೂರು ಬಂಡೆಗಳನ್ನು ಅಳೆದು, ನಿಂತಲ್ಲಿಯೇ ಬರೆದುಕೊಂಡು ಬಂದೆ.