ತಪಸ್ಸು ಕಾಲಕ್ಕೊಬ್ಬ ಬರಿಗಾಲಿನ ಗುರು

ವಿಭೂತಿ ಬುಧವಾರ ಹಣೆಗೆ ಬೂದಿ ಬಿದ್ದೊಡನೆ ನಮ್ಮ ಮನೆಗಳಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಈ ಸಲ ಯಾರು ಏನನ್ನು ಬಿಡುವುದು? ಅಪ್ಪ ಬೀಡಿ ಬಿಡುತ್ತಾರೆ, ಅಮ್ಮ ಮೀನು ಮಾಂಸ ಬಿಡುತ್ತಾರೆ, ಮಕ್ಕಳು ಸಿಹಿತಿಂಡಿ ಬಿಡುತ್ತಾರೆ. ಶುಕ್ರವಾರ ಒಪ್ಪೊತ್ತು ಊಟ, ಸಂಜೆ ಶಿಲುಬೆ ಹಾದಿ. ಎಲ್ಲವೂ ಒಳ್ಳೆಯದೇ. ಆದರೆ ಪ್ರಿಯ ಓದುಗರೇ, ನಾವು ಬಿಟ್ಟದ್ದನ್ನು ಯಾರಿಗಾಗಿ ಬಿಟ್ಟೆವು ಎಂದು ಎಂದಾದರೂ ಕೇಳಿಕೊಂಡಿದ್ದೇವೆಯೇ? ನಲವತ್ತು ದಿನ ಉಳಿದ ಮೀನಿನ ದುಡ್ಡು ಪಾಸ್ಖ ಹಬ್ಬದ ದಿನ ಕೋಳಿಗೆ ಹೋದರೆ ಆ ಉಪವಾಸದಿಂದ ಯಾರ ಹಸಿವು ನೀಗಿತು?

ಈ ಪ್ರಶ್ನೆಗೆ ತಮ್ಮ ಬದುಕನ್ನೇ ಉತ್ತರವಾಗಿ ಕೊಟ್ಟ ಒಬ್ಬ ಗುರುವಿನ ಕಥೆಯನ್ನು ಈ ತಪಸ್ಸು ಕಾಲದಲ್ಲಿ ನಿಮಗೆ ಹೇಳಬೇಕು. ಅವರು ಒಂದೊಂದನ್ನೇ ಬಿಡುತ್ತಾ ಹೋದರು. ಪಾದರಕ್ಷೆ ಬಿಟ್ಟರು, ಊರು ಬಿಟ್ಟರು, ಗುರುವಿನ ನಿಲುವಂಗಿ ಬಿಟ್ಟರು, ದೊಡ್ಡ ಪದವಿಯನ್ನೂ ಬಿಟ್ಟರು. ಬಿಟ್ಟದ್ದೆಲ್ಲವೂ ಯಾರೋ ಒಬ್ಬರ ಬಳಿಗೆ ಹೋಗುವುದಕ್ಕಾಗಿಯೇ. ಅವರೇ ಸಂತ ಜೋಸೆಫ್ ವಾಜ್.

ಗೋವೆಯ ಮಗ

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಸಾಷ್ಟಿ ಪ್ರಾಂತ್ಯದ ಬಾಣಾವಲಿಯಲ್ಲಿ. ಅದು ತಾಯಿಯ ಊರು. ತಂದೆಯದು ಸಂಕವಾಳ. ಕೊಂಕಣಿ ಮಾತಾಡುವ ಭಕ್ತಿವಂತ ಕುಟುಂಬ. ಆರು ಮಕ್ಕಳಲ್ಲಿ ಇವರು ಮೂರನೆಯವರು. ಪೋರ್ಚುಗೀಸ್, ಲತೀನ್ ಕಲಿತು, ಯೇಸುಸಭೆಯ ಗುರುಗಳಲ್ಲಿಯೂ ದೊಮಿನಿಕನ್ ಗುರುಗಳಲ್ಲಿಯೂ ವ್ಯಾಸಂಗ ಮಾಡಿ, 1676ರಲ್ಲಿ ಗುರುದೀಕ್ಷೆ ಪಡೆದರು.

ಗುರುವಾದೊಡನೆ ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಪಾದರಕ್ಷೆ ತೊರೆದದ್ದು. ಅಂದಿನ ಗೋವೆಯಲ್ಲಿ ಗುರುವೆಂದರೆ ಗೌರವ, ಸ್ಥಾನಮಾನ. ಆದರೆ ಗದ್ದೆಯಲ್ಲಿ ದುಡಿಯುವ ಬಡವನಿಗೆ ಕಾಲಿಗೆ ಮೆಟ್ಟಿಲ್ಲದಿರುವಾಗ ತಮಗೇಕೆ ಎಂಬುದು ಈ ಯುವ ಗುರುವಿನ ಭಾವನೆ. ಅಂದಿನಿಂದ ಅವರು ಬರಿಗಾಲಲ್ಲೇ ನಡೆದರು. ಮರುವರ್ಷ, 1677ರ ಆಗಸ್ಟ್ 5ರಂದು, ಸಂಕವಾಳದ ದೇವಾಲಯದಲ್ಲಿ ಮಾತೆ ಮರಿಯಮ್ಮನವರಿಗೆ ತಮ್ಮನ್ನು ದಾಸನನ್ನಾಗಿ ಒಪ್ಪಿಸಿಕೊಂಡು ಒಂದು ಪತ್ರವನ್ನೇ ಬರೆದುಕೊಟ್ಟರು.

ನಮ್ಮ ಕರಾವಳಿಯಲ್ಲಿ

1681ರಲ್ಲಿ ಅವರನ್ನು ನಮ್ಮ ಕನ್ನಡ ಕರಾವಳಿಗೆ ಕಳುಹಿಸಲಾಯಿತು. ಆಗ ಇಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ. ಕ್ರೈಸ್ತರ ಸ್ಥಿತಿ ಚಿಂತಾಜನಕವಾಗಿತ್ತು. ಹಲವು ದೇವಾಲಯಗಳು ಪಾಳುಬಿದ್ದಿದ್ದವು, ಗುರುಗಳು ಬೆರಳೆಣಿಕೆಯಷ್ಟು. ಅದಕ್ಕಿಂತ ದೊಡ್ಡ ನೋವು ಒಳಗಿನ ಜಗಳ. ಗೋವೆಯ ಮಹಾಧರ್ಮಾಧ್ಯಕ್ಷರ ಅಧಿಕಾರ ಒಂದು ಕಡೆ, ರೋಮ್ ನೇಮಿಸಿದ ಧರ್ಮಾಧ್ಯಕ್ಷ ಥಾಮಸ್ ದೆ ಕಾಸ್ತ್ರೋ ಅವರ ಅಧಿಕಾರ ಇನ್ನೊಂದು ಕಡೆ. ಯಾರ ಗುರುವಿನ ಬಳಿ ಪಾಪನಿವೇದನೆ ಮಾಡಿದರೆ ಸರಿ ಎಂದು ತಿಳಿಯದೆ ಜನ ಕಂಗಾಲಾಗಿದ್ದರು.

ವಾಜ್ ಸ್ವಾಮಿಗಳು ಈ ಜಗಳಕ್ಕೆ ಎಣ್ಣೆ ಸುರಿಯಲಿಲ್ಲ. ಎರಡೂ ಕಡೆಯವರೊಡನೆ ಗೌರವದಿಂದ ನಡೆದುಕೊಂಡು, ಜನರ ಆತ್ಮಗಳಿಗೆ ನಷ್ಟವಾಗದ ದಾರಿಯನ್ನು ಹುಡುಕಿದರು. ಮಂಗಳೂರು, ಬಸ್ರೂರು, ಗಂಗೊಳ್ಳಿ, ಕಲ್ಯಾಣಪುರ ಮುಂತಾದ ಕಡೆಗಳಲ್ಲಿ ಸುತ್ತಾಡಿ ಬಲಿಪೂಜೆ ಅರ್ಪಿಸಿದರು, ದೇವಾಲಯಗಳನ್ನು ಸರಿಪಡಿಸಿದರು, ಮಕ್ಕಳಿಗೆ ಧರ್ಮೋಪದೇಶ ಕಲಿಸಿದರು, ಭಕ್ತಸಂಘಗಳನ್ನು ಕಟ್ಟಿದರು. ಮಂಗಳೂರಿನ ಬಳಿಯ ಮುಡಿಪುವಿನಲ್ಲಿ ಒಂದು ರಾತ್ರಿ, ರೋಗಿಯೊಬ್ಬನನ್ನು ನೋಡಲು ಬರಬೇಕೆಂದು ಸುಳ್ಳು ಹೇಳಿ ಅವರನ್ನು ಕರೆದೊಯ್ದ ವೈರಿಗಳು ಕೊಲ್ಲಲು ಹವಣಿಸಿದರೆಂದೂ, ಅವರು ಪ್ರಾರ್ಥಿಸಿದಾಗ ಬೆಳಕು ಹೊಳೆದು ಅಲ್ಲಿ ನೀರಿನ ಬುಗ್ಗೆಗಳು ಚಿಮ್ಮಿದವೆಂದೂ ಐತಿಹ್ಯವಿದೆ. ಅವರ ಹೆಸರಿನ ಆ ಪುಣ್ಯಕ್ಷೇತ್ರಕ್ಕೆ ನಿಮ್ಮಲ್ಲಿ ಅನೇಕರು ಹೋಗಿ ಬಂದಿರಬಹುದು.

1684ರಲ್ಲಿ ಗೋವೆಗೆ ಮರಳಿದ ಅವರು ಮರುವರ್ಷ ಕೆಲವು ಸ್ಥಳೀಯ ಗುರುಗಳ ಗುಂಪನ್ನು ಸೇರಿಕೊಂಡರು. ಆ ಕಾಲದಲ್ಲಿ ಯೂರೋಪಿನ ಸನ್ಯಾಸ ಸಭೆಗಳ ಬಾಗಿಲು ಭಾರತೀಯ ಗುರುಗಳಿಗೆ ಸಾಮಾನ್ಯವಾಗಿ ಮುಚ್ಚಿರುತ್ತಿತ್ತು. ಈ ಗುರುಗಳು ಸಂತ ಫಿಲಿಪ್ ನೇರಿಯವರ ಒರಟೋರಿಯನ್ ಸಭೆಯ ಮಾದರಿಯಲ್ಲಿ ಸಮುದಾಯವಾಗಿ ಬಾಳತೊಡಗಿದರು. ವಾಜ್ ಸ್ವಾಮಿಗಳೇ ಅದರ ಶ್ರೇಷ್ಠರಾದರು. ಅಲ್ಲಿಯೇ ಉಳಿದಿದ್ದರೆ ಶಾಂತವಾದ, ಮಾನ್ಯವಾದ ಬದುಕು ಅವರದಾಗುತ್ತಿತ್ತು. ಆದರೆ ಅವರ ಮನಸ್ಸು ಸಮುದ್ರದ ಆಚೆ ಇತ್ತು.

ಗುರುಗಳಿಲ್ಲದ ನಾಡು

ಪ್ರಿಯ ಓದುಗರೇ, ನಿಮ್ಮ ಧರ್ಮಕೇಂದ್ರವನ್ನೇ ಒಮ್ಮೆ ನೆನೆಸಿಕೊಳ್ಳಿ. ಒಂದು ಭಾನುವಾರ ಗುರುಗಳಿಲ್ಲ, ಬಲಿಪೂಜೆಯಿಲ್ಲ. ಮುಂದಿನ ಭಾನುವಾರವೂ ಇಲ್ಲ. ಹೀಗೆ ಸುಮಾರು ಮೂವತ್ತು ವರ್ಷ ಕಳೆದರೆ? ಹುಟ್ಟಿದ ಮಕ್ಕಳು ಬೆಳೆದು, ಮದುವೆಯಾಗಿ, ತಾವೇ ತಂದೆತಾಯಿಗಳಾದರೂ ಪರಮ ಪ್ರಸಾದ ಎಂದರೇನೆಂದು ನಾಲಿಗೆಗೆ ಗೊತ್ತಿಲ್ಲದಿದ್ದರೆ?

ಶ್ರೀಲಂಕೆಯ ಕಥೋಲಿಕರ ಪಾಡು ಅದೇ ಆಗಿತ್ತು. 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಡಚ್ಚರ ವಶವಾದವು. ಡಚ್ಚರು ಕ್ಯಾಲ್ವಿನ್ ಪಂಥದವರು. ಕಥೋಲಿಕ ಗುರುಗಳನ್ನು ಹೊರದೂಡಿದರು, ದೇವಾಲಯಗಳನ್ನು ಕಿತ್ತುಕೊಂಡರು. ಗುರುವಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆ ಎಂದು ಸಾರಿದರು. ಆದರೂ ಎಷ್ಟೋ ಮನೆಗಳಲ್ಲಿ ಬಾಗಿಲು ಮುಚ್ಚಿ ಜಪಸರ ನಡೆಯುತ್ತಿತ್ತು. ಅಜ್ಜಿಯರು ಮೊಮ್ಮಕ್ಕಳಿಗೆ ಶಿಲುಬೆಯ ಗುರುತು ಹಾಕಲು ಕಲಿಸುತ್ತಿದ್ದರು. ಗುರುಗಳಿಗಾಗಿ ಅವರು ಹಸಿದಿದ್ದರು. ಆ ಹಸಿವಿನ ಸುದ್ದಿ ಗೋವೆಗೆ ತಲುಪಿತ್ತು.

1686ರಲ್ಲಿ ವಾಜ್ ಸ್ವಾಮಿಗಳು ಗೋವೆ ಬಿಟ್ಟರು. ಜೊತೆಗೆ ಜಾನ್ ಎಂಬ ಸೇವಕ. ತೂತುಕುಡಿಯಲ್ಲಿ ತಮಿಳು ಅಭ್ಯಾಸ ಮಾಡಿದರು. ಗುರುವಿನ ನಿಲುವಂಗಿಯನ್ನು ಕಳಚಿ ಕೂಲಿಯಾಳಿನ ತುಂಡುಬಟ್ಟೆ ಸುತ್ತಿಕೊಂಡರು. 1687ರ ಪಾಸ್ಖ ಹಬ್ಬದ ಆಸುಪಾಸಿನಲ್ಲಿ ಹಡಗು ಹತ್ತಿ, ಬಹಳ ಕಷ್ಟದ ಪ್ರಯಾಣದ ನಂತರ ಜಾಫ್ನಾ ಸೇರಿದರು. ಇಳಿದೊಡನೆ ಭೇದಿ ರೋಗ. ಪರಊರಿನ ಭಿಕ್ಷುಕನೆಂದು ತಿಳಿದ ಜನ ದೂರವಿಟ್ಟರು. ಒಬ್ಬ ಬಡ ಹೆಂಗಸು ತಂದುಕೊಟ್ಟ ಗಂಜಿಯಿಂದ ಬದುಕಿ ಉಳಿದರೆಂದು ಅವರ ಚರಿತ್ರೆ ಹೇಳುತ್ತದೆ.

ಚೇತರಿಸಿಕೊಂಡ ಮೇಲೆ ಕೊರಳಲ್ಲಿ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು. ಅದೇ ಅವರ ಉಪಾಯ. ಜಪಮಾಲೆಯನ್ನು ಕಂಡು ಯಾರ ಕಣ್ಣು ಅರಳುತ್ತದೋ ಆ ಮನೆ ಕಥೋಲಿಕರದು. ಹೀಗೆ ಒಂದು ಮನೆ ಸಿಕ್ಕಿತು, ಅದರಿಂದ ಇನ್ನೊಂದು ಮನೆ. ಭಿಕ್ಷುಕನಲ್ಲ, ಗುರು ಬಂದಿದ್ದಾರೆ ಎಂಬ ಸುದ್ದಿ ಪಿಸುಮಾತಿನಲ್ಲಿ ಹರಡಿತು. ಹಗಲೆಲ್ಲ ಅಡಗಿದ್ದು, ರಾತ್ರಿ ಮನೆಯೊಳಗೆ ಪೀಠ ಸಿದ್ಧಮಾಡಿ ಬಲಿಪೂಜೆ ಅರ್ಪಿಸಿದರು. ಎಷ್ಟೋ ವರ್ಷಗಳ ನಂತರ ಆ ಹಿರಿಯರು ಮತ್ತೆ ಪ್ರಭುವಿನ ಶರೀರವನ್ನು ಸ್ವೀಕರಿಸಿದಾಗ ಆದ ಆನಂದವನ್ನು ನೀವೇ ಊಹಿಸಿಕೊಳ್ಳಿ. ಸಿಲ್ಲಾಲೈ ಎಂಬ ಹಳ್ಳಿ ಅವರ ಆಶ್ರಯತಾಣವಾಯಿತು.

ಇದಕ್ಕೆ ತೆತ್ತ ಬೆಲೆಯೂ ದೊಡ್ಡದು. 1689ರ ಕ್ರಿಸ್ಮಸ್ ರಾತ್ರಿ ಬಲಿಪೂಜೆಗೆ ಸೇರಿದ ಜನರ ಮೇಲೆ ಡಚ್ಚರು ದಾಳಿ ಮಾಡಿ ಹಲವರನ್ನು ಬಂಧಿಸಿದರು. ಸಮುದಾಯದ ಕೆಲವು ಪ್ರಮುಖರು ಹಿಂಸೆಯಿಂದಲೂ ಸೆರೆಯ ಕಷ್ಟದಿಂದಲೂ ಪ್ರಾಣಬಿಟ್ಟರು. ವಾಜ್ ಸ್ವಾಮಿಗಳು ಮಾತ್ರ ಸೈನಿಕರ ಕೈಗೆ ಸಿಗಲಿಲ್ಲ.

ಸೆರೆಮನೆಯಲ್ಲೂ ಪೀಠ

ಡಚ್ಚರ ಕೈಗೆ ಸಿಗದ ಗುರು, 1692ರಲ್ಲಿ ಬೌದ್ಧ ಅರಸನ ರಾಜಧಾನಿಯಾದ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂಬ ಅನುಮಾನದಿಂದ ಸೆರೆಯಾದರು. ಅವರು ಸೆರೆಯಲ್ಲೂ ದಿನವನ್ನು ವ್ಯರ್ಥಮಾಡಲಿಲ್ಲ. ಸಿಂಹಳ ಭಾಷೆ ಕಲಿತರು. ಕಾವಲು ಸಡಿಲವಾದಂತೆ ಒಂದು ಗುಡಿಸಲು ಕಟ್ಟಿ ಪೀಠವನ್ನು ಸಿದ್ಧಪಡಿಸಿದರು. ಕ್ರಿಸ್ಮಸ್ ರಾತ್ರಿಯ ಬಲಿಪೂಜೆಯನ್ನೂ ಅಲ್ಲಿಯೇ ಅರ್ಪಿಸಿದರು.

ಮುಂದೆ ನಾಡಿಗೆ ಬರ ಬಂದಿತು. ಅರಸ ಎರಡನೆಯ ವಿಮಲಧರ್ಮಸೂರ್ಯ ಈ ಗುರುವಿಗೂ ಮಳೆಗಾಗಿ ಪ್ರಾರ್ಥಿಸಲು ಹೇಳಿಕಳುಹಿಸಿದನಂತೆ. ಬಯಲಿನಲ್ಲಿ ಪೀಠ ಇಟ್ಟು, ಶಿಲುಬೆ ನೆಟ್ಟು, ಅವರು ಮೊಣಕಾಲೂರಿ ಬೇಡಿಕೊಂಡರು. ಮಳೆ ಸುರಿಯಿತು, ಆದರೆ ಅವರೂ ಪೀಠವೂ ನೆನೆಯಲಿಲ್ಲ ಎಂದು ಶ್ರೀಲಂಕೆಯ ಕಥೋಲಿಕರು ಇಂದಿಗೂ ನೆನೆಯುತ್ತಾರೆ. ಅರಸನ ಮನಸ್ಸು ಕರಗಿತು. ತನ್ನ ರಾಜ್ಯದಲ್ಲಿ ಓಡಾಡಿ ಬೋಧಿಸಲು ಅವರಿಗೆ ಅನುಮತಿ ಕೊಟ್ಟನು.

ಆದರೆ ಮಳೆಗಿಂತಲೂ ದೊಡ್ಡ ಅದ್ಭುತ 1697ರಲ್ಲಿ ನಡೆಯಿತು. ಕ್ಯಾಂಡಿಗೆ ಸಿಡುಬು ಬಂದಿತು. ಅರಸನೂ ಶ್ರೀಮಂತರೂ ಊರು ಬಿಟ್ಟರು. ರೋಗ ತಗಲಿದವರನ್ನು ಮನೆಯವರೇ ಕಾಡಿಗೆ ಹಾಕಿ ಬಂದರು. ಹೆಣ ಎತ್ತಲು ಜನವಿಲ್ಲ. ಆಗ ವಾಜ್ ಸ್ವಾಮಿಗಳೂ, ಹೊಸದಾಗಿ ಬಂದಿದ್ದ ಅವರ ಸಂಬಂಧಿ ಜೋಸೆಫ್ ಕರ್ವಾಲೊ ಸ್ವಾಮಿಗಳೂ ಊರಿನಲ್ಲೇ ನಿಂತರು. ಕಾಡಿನಿಂದ ರೋಗಿಗಳನ್ನು ಹೊತ್ತು ತಂದರು. ಖಾಲಿ ಬಿದ್ದ ಮನೆಗಳನ್ನೇ ಆಸ್ಪತ್ರೆ ಮಾಡಿದರು. ಗಂಜಿ ಬೇಯಿಸಿ ಉಣಿಸಿದರು, ಕೀವು ಒರೆಸಿದರು, ಸತ್ತವರಿಗೆ ತಾವೇ ಗುಂಡಿ ತೋಡಿದರು. ರೋಗಿ ಕ್ರೈಸ್ತನೋ ಬೌದ್ಧನೋ ಎಂದು ಕೇಳಲಿಲ್ಲ. ತಪಸ್ಸು ಕಾಲದ ದಾನಧರ್ಮ ಎಂದರೆ ಇದೇ ಅಲ್ಲವೇ?

ಜನರ ಕೈಗೆ ಕೊಟ್ಟ ಧರ್ಮಕೇಂದ್ರ

ಇಡೀ ದ್ವೀಪಕ್ಕೆ ಹಲವು ವರ್ಷ ಇವರೊಬ್ಬರೇ ಗುರು. ಒಬ್ಬ ಮನುಷ್ಯ ಬರಿಗಾಲಲ್ಲಿ ಎಷ್ಟು ಊರು ನಡೆದಾನು? ಆದ್ದರಿಂದ ಅವರು ಪ್ರತಿಯೊಂದು ಊರಿನಲ್ಲೂ ವಿಶ್ವಾಸಿಗಳನ್ನೇ ನಿಲ್ಲಿಸಿದರು. ಊರಿನ ಕ್ರೈಸ್ತರ ಮುಖ್ಯಸ್ಥನಾಗಿ ಮೂಪ್ಪ, ಪ್ರಾರ್ಥನೆ ನಡೆಸಿ ಧರ್ಮೋಪದೇಶ ಕಲಿಸಲು ಅಣ್ಣಾವಿ. ಗುರು ಬಾರದ ದಿನಗಳಲ್ಲಿ ಭಾನುವಾರದ ಪ್ರಾರ್ಥನೆ, ಸಾಯುವವರ ಬಳಿ ಜಪ, ತುರ್ತಿನಲ್ಲಿ ಮಕ್ಕಳಿಗೆ ಜ್ಞಾನಸ್ನಾನ, ಎಲ್ಲವೂ ಇಂಥ ಜನರ ಹೊಣೆ. ಗುರುವಿಲ್ಲದಾಗಲೂ ಧರ್ಮಸಭೆ ಬದುಕಿರಬೇಕಾದರೆ ಅದು ಮನೆಮನೆಯಲ್ಲಿ ಬೇರುಬಿಟ್ಟಿರಬೇಕು ಎಂಬುದನ್ನು ಅವರು ಜಾಫ್ನಾದ ಮುಚ್ಚಿದ ಬಾಗಿಲುಗಳ ಹಿಂದೆ ಕಂಡುಕೊಂಡಿದ್ದರು.

ಗೋವೆಯಿಂದ ಇನ್ನಷ್ಟು ಒರಟೋರಿಯನ್ ಗುರುಗಳು ಬಂದರು. 1705ರಲ್ಲಿ ಬಂದ ಜಾಕೋಮ್ ಗೊನ್ಸಾಲ್ವಿಸ್ ಸ್ವಾಮಿಗಳು ಸಿಂಹಳ ಮತ್ತು ತಮಿಳಿನಲ್ಲಿ ಅನೇಕ ಗ್ರಂಥಗಳನ್ನು ಬರೆದರು. ಪ್ರಭುವಿನ ಯಾತನೆಯ ಮೇಲೆ ಅವರು ರಚಿಸಿದ ಪ್ರಸಂಗಗಳನ್ನು ಶ್ರೀಲಂಕೆಯ ದೇವಾಲಯಗಳಲ್ಲಿ ಇಂದಿಗೂ ತಪಸ್ಸು ಕಾಲದಲ್ಲಿ ರಾಗವಾಗಿ ಹಾಡುತ್ತಾರೆ. ವಾಜ್ ಸ್ವಾಮಿಗಳಿಗೆ ಧರ್ಮಾಧ್ಯಕ್ಷ ಪದವಿಯ ಪ್ರಸ್ತಾಪ ಬಂದಾಗ ಅವರು ಒಪ್ಪಲಿಲ್ಲ. ಸಾಮಾನ್ಯ ಪ್ರೇಷಿತನಾಗಿಯೇ ಉಳಿದರು.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. ವಯಸ್ಸು 59. ಅವರು ಕಾಲಿಟ್ಟಾಗ ಒಬ್ಬ ಗುರುವೂ ಇಲ್ಲದಿದ್ದ ನಾಡಿನಲ್ಲಿ ಆಗ ಸುಮಾರು 70,000 ಕಥೋಲಿಕರು, 15 ದೇವಾಲಯಗಳು ಮತ್ತು 400 ಪ್ರಾರ್ಥನಾಲಯಗಳಿದ್ದವು ಎಂದು ಲೆಕ್ಕ ಹೇಳುತ್ತಾರೆ. ಅವರ ಸಮಾಧಿಯ ಸ್ಥಳ ಮಾತ್ರ ಕಾಲಕ್ರಮದಲ್ಲಿ ಮರೆಯಾಯಿತು. ಕೊನೆಗೆ ಸಮಾಧಿಯನ್ನೂ ಅವರು ತಮಗೆಂದು ಇಟ್ಟುಕೊಳ್ಳಲಿಲ್ಲ! 1995ರ ಜನವರಿ 21ರಂದು ಜಗದ್ಗುರು ಎರಡನೇ ಜಾನ್ ಪಾಲ್ ಅವರು ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಸಾರಿದರು. 2015ರ ಜನವರಿ 14ರಂದು ಅದೇ ನಗರದ ಸಮುದ್ರ ತೀರದ ಮೈದಾನದಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಸಂತ ಪದವಿ ನೀಡಿದರು. ಶ್ರೀಲಂಕೆಗೆ ಅವರೇ ಮೊದಲ ಸಂತ.

ನಿಮ್ಮ ನೆರೆಮನೆ

ಪ್ರಿಯ ಓದುಗರೇ, ಸಂತ ಜೋಸೆಫ್ ವಾಜ್ ಅವರಂತೆ ಸಮುದ್ರ ದಾಟಲು ನಮ್ಮೆಲ್ಲರಿಗೂ ಕರೆ ಬಂದಿಲ್ಲ. ಆದರೆ ರಸ್ತೆ ದಾಟಬಹುದು. ನಿಮ್ಮ ವಲಯದಲ್ಲಿ ಹಾಸಿಗೆ ಹಿಡಿದ ಒಬ್ಬ ಅಜ್ಜಿ ಇದ್ದಾರೆ. ದೇವಾಲಯದ ಗಂಟೆ ಅವರಿಗೆ ಕೇಳುತ್ತದೆ, ಬರಲಾಗುವುದಿಲ್ಲ. ಅವರಿಗೆ ಪರಮ ಪ್ರಸಾದ ಬೇಕೆಂದು ಗುರುಗಳಿಗೆ ತಿಳಿಸುವವರು ಯಾರು? ಗಡಿ ಜಗಳದಿಂದಲೋ ಆಸ್ತಿ ಜಗಳದಿಂದಲೋ ದೇವಾಲಯದ ಮೆಟ್ಟಿಲು ಹತ್ತುವುದನ್ನೇ ಬಿಟ್ಟ ಒಂದು ಕುಟುಂಬವಿದೆ. ಆ ಮನೆಯ ಬಾಗಿಲು ತಟ್ಟುವವರು ಯಾರು? ಕೆಲಸ ಅರಸಿ ಬೇರೆ ರಾಜ್ಯದಿಂದ ಬಂದು, ಭಾಷೆ ತಿಳಿಯದೆ, ಬಲಿಪೂಜೆಯಲ್ಲಿ ಹಿಂದಿನ ಬೆಂಚಿನ ತುದಿಯಲ್ಲಿ ಕೂತು ಎದ್ದುಹೋಗುವ ಯುವಕನೊಬ್ಬನಿದ್ದಾನೆ. ಅವನ ಹೆಸರು ಕೇಳಿದವರು ಯಾರು?

ಈ ತಪಸ್ಸು ಕಾಲದಲ್ಲಿ ಮೀನು ಮಾಂಸ ಬಿಡಿ, ತಪ್ಪಿಲ್ಲ. ಆದರೆ ಉಳಿದ ದುಡ್ಡು ಯಾವ ಮನೆಯ ಒಲೆಗೆ ಹೋಗಬೇಕೆಂದು ಮೊದಲೇ ಮನೆಮಂದಿ ಕೂತು ನಿಶ್ಚಯಿಸಿ. ಟಿ.ವಿ. ಮುಂದಿನ ಒಂದು ಗಂಟೆಯನ್ನು ಬಿಡಿ. ಬಿಟ್ಟ ಆ ಗಂಟೆಯಲ್ಲಿ ಯಾರ ಮನೆಗೆ ಹೋಗಬೇಕೆಂದೂ ತೀರ್ಮಾನಿಸಿ. ಅಹಂಕಾರ ಬಿಡುವುದು ಎಲ್ಲಕ್ಕಿಂತ ಕಷ್ಟ. ಅದನ್ನು ಬಿಟ್ಟರೆ ಮಾತು ಬಿಟ್ಟ ತಮ್ಮನ ಮನೆಯ ದಾರಿ ತಾನಾಗಿ ತೆರೆಯುತ್ತದೆ.

ಶಿಲುಬೆ ಹಾದಿಯಲ್ಲಿ ನಾವು ಒಂದೊಂದು ಸ್ಥಳದಲ್ಲೂ ಮೊಣಕಾಲೂರುತ್ತೇವೆ. ಅಲ್ಲಿ ನಮ್ಮ ಪ್ರಭು ಉಡುಪನ್ನೂ ಕಳಚಿಸಿಕೊಂಡು ನಿಂತದ್ದು ನಮಗಾಗಿ. ಅದನ್ನು ಅರಿತ ಗೋವೆಯ ಒಬ್ಬ ಗುರು ಬರಿಗಾಲಲ್ಲಿ ನಡೆದು ಹಸಿದ ಒಂದು ನಾಡನ್ನು ಮುಟ್ಟಿದರು. ನಮ್ಮ ಕಾಲುಗಳು ಈ ನಲವತ್ತು ದಿನಗಳಲ್ಲಿ ಒಂದೇ ಒಂದು ಮನೆಯನ್ನಾದರೂ ಮುಟ್ಟಲಿ. ಅದಕ್ಕೆ ಬೇಕಾದ ಕೃಪೆಯನ್ನು ಸಂತ ಜೋಸೆಫ್ ವಾಜ್ ಅವರ ಬಿನ್ನಹದ ಮೂಲಕ ಪ್ರಭು ನಮಗೆ ದಯಪಾಲಿಸಲಿ.