ಹೊರನಾಡಿನಲ್ಲಿ ವಿಶ್ವೇಶ್ವರಯ್ಯನವರು

ಹೆಸರಿನ ಜೊತೆಗೆ ಊರಿನ ಹೆಸರನ್ನೂ ಸೇರಿಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಬಹಳ ಹಿಂದಿನದು. ಊರಿನಲ್ಲಿಯೇ ಇರುವವನಿಗೆ ಅದರಿಂದ ಅಷ್ಟಾಗಿ ಪ್ರಯೋಜನವಿಲ್ಲ. ಅಲ್ಲಿ ಎಲ್ಲರದೂ ಅದೇ ಊರು. ಊರು ಬಿಟ್ಟು ಹೊರಟವನಿಗೇ ಅದು ಬೇಕಾಗುವುದು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮೊದಲನೆಯ ಅಕ್ಷರವು ಮೋಕ್ಷಗುಂಡಂ ಎಂಬ ಊರಿನದು. ಆದರೆ ಅದು ಅವರು ಹುಟ್ಟಿದ ಊರಲ್ಲ, ಆಡಿ ಬೆಳೆದ ಊರೂ ಅಲ್ಲ. ಅದು ಇರುವುದು ಆಂಧ್ರ ದೇಶದಲ್ಲಿ. ಎಷ್ಟೋ ತಲೆಗಳ ಹಿಂದೆ ಅವರ ಹಿರಿಯರು ಅಲ್ಲಿಂದ ಹೊರಟು ಮೈಸೂರು ಸೀಮೆಗೆ ಬಂದು ನೆಲೆಸಿದರು. ಬರುವಾಗ ಹೊಲ ಮನೆಗಳನ್ನು ಹೊತ್ತು ತರಲಾಗಲಿಲ್ಲ. ಹೆಸರನ್ನು ಮಾತ್ರ ತಂದರು. ಕನ್ನಡ ನಾಡಿನ ಶಿಲ್ಪಿಯೆಂದು ನಾವು ಹೆಮ್ಮೆಯಿಂದ ನೆನೆಯುವ ಈ ಮಹನೀಯರು ವಲಸೆ ಬಂದ ಮನೆತನದ ಕುಡಿ ಎಂಬ ಸಂಗತಿಯನ್ನು ಹೊರನಾಡಿನಲ್ಲಿರುವ ನಾವು ಮರೆಯಬಾರದು.

ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ, ಸೆಪ್ಟೆಂಬರ್ 15ರಂದು. ಆ ದಿನವನ್ನು ದೇಶವೆಲ್ಲ ಇಂಜಿನಿಯರುಗಳ ದಿನವೆಂದು ಆಚರಿಸುತ್ತದೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಮನೆಯಲ್ಲಿ ವಿದ್ಯೆಯಿತ್ತು, ಹಣವಿರಲಿಲ್ಲ. ಬಾಲ್ಯದಲ್ಲಿಯೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರ ಆಸರೆಯಲ್ಲಿ ಓದು ಮುಂದುವರಿಯಿತು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಒಂದು ಮನೆತನದ ಹುಡುಗರಿಗೆ ಪಾಠ ಹೇಳಿ ಖರ್ಚಿಗೆ ದಾರಿ ಮಾಡಿಕೊಂಡರು. ಬಡತನವನ್ನು ಅವರು ದೊಡ್ಡದು ಮಾಡಿ ಹೇಳಿಕೊಂಡವರಲ್ಲ. 1881ರಲ್ಲಿ ಬಿ.ಎ. ಆಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತು ಪುಣೆಯ ಸೈನ್ಸ್ ಕಾಲೇಜಿಗೆ ಇಂಜಿನಿಯರಿಂಗ್ ಓದಲು ಹೊರಟರು. ಅಲ್ಲಿಂದ ಮುಂದೆ ಸುಮಾರು ಕಾಲು ಶತಮಾನ ಅವರು ಹೊರನಾಡ ಕನ್ನಡಿಗರು.

ಈ ಇಪ್ಪತ್ತೈದು ವರ್ಷಗಳನ್ನು ನಮ್ಮ ಪಠ್ಯಪುಸ್ತಕಗಳು ನಾಲ್ಕೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಕನ್ನಂಬಾಡಿ ಕಟ್ಟೆಗೆ ಬಂದು ನಿಂತ ಮೇಲೆಯೇ ಅವುಗಳಿಗೆ ಕಥೆಯ ರುಚಿ ಹತ್ತುವುದು. ಆದರೆ ಕನ್ನಂಬಾಡಿಯನ್ನು ಕಟ್ಟಿದ ಕೈ ಪಳಗಿದ್ದು ಎಲ್ಲಿ ಎಂದು ಕೇಳಿಕೊಂಡರೆ ಉತ್ತರ ಹೊರನಾಡಿನಲ್ಲಿಯೇ ಸಿಕ್ಕುತ್ತದೆ.

1883ರ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದ ಅವರಿಗೆ 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಹುದ್ದೆ ದೊರೆಯಿತು. ಮೊದಲು ನಾಸಿಕ, ಬಳಿಕ ಖಾನದೇಶ. ಆಮೇಲೆ 1893ರ ಸುಮಾರಿಗೆ ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ಕಳುಹಿಸಿದರು. ಆಗ ಸಿಂಧ್ ಮುಂಬಯಿ ಆಧಿಪತ್ಯಕ್ಕೆ ಸೇರಿತ್ತು. ಮೈಸೂರಿನ ತಂಪು ಹವೆಯಲ್ಲಿ ಬೆಳೆದವರಿಗೆ ಅಲ್ಲಿನ ಬಿಸಿಲು ಹೊಸದು, ಭಾಷೆ ಹೊಸದು, ಜನ ಹೊಸಬರು. ಪಟ್ಟಣದ ಪಕ್ಕದಲ್ಲಿಯೇ ಸಿಂಧೂ ನದಿ ಹರಿಯುತ್ತಿದ್ದರೂ ಅದರ ನೀರು ಮಣ್ಣು ಕದಡಿದ್ದು. ನೀರನ್ನು ಸೋಸುವ ಕಟ್ಟಡಗಳನ್ನು ಕಟ್ಟಿಸುವಷ್ಟು ಹಣ ಪುರಸಭೆಯಲ್ಲಿ ಇರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿದರು. ಮರಳಿನ ಮೂಲಕ ಒಸರಿ ಬಂದ ನೀರು ತಾನಾಗಿಯೇ ತಿಳಿಯಾಯಿತು. ಅದನ್ನು ಯಂತ್ರದಿಂದ ಮೇಲೆತ್ತಿ ಊರಿಗೆ ಹಂಚಿದರು. ದುಡ್ಡು ಇಲ್ಲದ ಕಡೆ ಬುದ್ಧಿ ಹೇಗೆ ಕೆಲಸ ಮಾಡಬೇಕೆಂಬುದಕ್ಕೆ ಇದಕ್ಕಿಂತ ಚೆಂದದ ನಿದರ್ಶನ ಬೇಕಿಲ್ಲ. ಒಲೆಯ ಮುಂದೆ ತಿಂಗಳ ಕೊನೆಯ ವಾರವನ್ನು ತೂಗಿಸುವ ನಮ್ಮ ಗೃಹಿಣಿಯರಿಗೆ ಇದರ ಮರ್ಮ ಬೇಗ ತಿಳಿದೀತು.

ಸಿಂಧ್ ಮತ್ತು ಸೂರತ್ತಿನ ಕೆಲಸ ಮುಗಿಸಿ ಪುಣೆಗೆ ಬಂದರು. ಆಗಿನ ಪುಣೆಯೆಂದರೆ ಒಂದು ವಿಶ್ವವಿದ್ಯಾನಿಲಯವಿದ್ದ ಹಾಗೆ. ಮಹಾದೇವ ಗೋವಿಂದ ರಾನಡೆ ಮತ್ತು ಗೋಪಾಲಕೃಷ್ಣ ಗೋಖಲೆ, ಇಬ್ಬರ ಒಡನಾಟವೂ ಅವರಿಗೆ ಲಭಿಸಿತು. ದೇಶದ ಬಡತನಕ್ಕೆ ಕಾರಣಗಳನ್ನು ಹುಡುಕಬೇಕು, ಅಂಕಿ ಅಂಶ ಹಿಡಿದು ಯೋಚಿಸಬೇಕು ಎಂಬ ಅಭ್ಯಾಸ ಅವರಲ್ಲಿ ಬೇರೂರಿದ್ದು ಆ ವಾತಾವರಣದಲ್ಲಿ. ಪರನಾಡಿಗೆ ಹೋದವನು ತನ್ನವರ ನಡುವೆಯೇ ಬಾಗಿಲು ಹಾಕಿಕೊಂಡು ಕೂಡಬಹುದು. ಇಲ್ಲವೇ ಆ ನಾಡಿನ ಹಿರಿಯರ ಜಗುಲಿಯಲ್ಲಿ ಕುಳಿತು ನಾಲ್ಕು ಮಾತು ಕೇಳಬಹುದು. ವಿಶ್ವೇಶ್ವರಯ್ಯನವರು ಎರಡನೆಯದನ್ನು ಆರಿಸಿಕೊಂಡರು. ಅದರಿಂದ ಅವರ ಮೈಸೂರುತನ ಏನೂ ಕಡಮೆಯಾಗಲಿಲ್ಲ. ತಲೆಯ ಮೇಲಿನ ಮೈಸೂರು ಪೇಟ ಅವರ ಗುರುತಾಗಿ ಕೊನೆಯವರೆಗೂ ಉಳಿಯಿತು.

ಪುಣೆಗೆ ಖಡಕವಾಸ್ಲಾ ಜಲಾಶಯವೇ ನೀರಿನ ಆಧಾರ. ಮಳೆಗಾಲದಲ್ಲಿ ಕಟ್ಟೆಯ ಕೋಡಿಯ ಮೇಲಿಂದ ನೀರು ಹರಿದು ವ್ಯರ್ಥವಾಗುತ್ತಿತ್ತು, ಬೇಸಗೆಯಲ್ಲಿ ಅಭಾವ. ಕಟ್ಟೆಯನ್ನು ಎತ್ತರಿಸುವುದು ದುಬಾರಿ ಕೆಲಸ. ಕೋಡಿಯ ಮೇಲೆ ತಾವಾಗಿಯೇ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅವರು ಕಲ್ಪಿಸಿದರು. ನೀರು ಗೊತ್ತಾದ ಮಟ್ಟವನ್ನು ಮೀರಿದರೆ ಬಾಗಿಲು ಏಳುತ್ತದೆ, ಹೆಚ್ಚಿನ ನೀರು ಹೊರಗೆ ಹೋಗುತ್ತದೆ. ಮಟ್ಟ ಇಳಿದರೆ ತಾನೇ ಮುಚ್ಚಿಕೊಳ್ಳುತ್ತದೆ. 1903ರಲ್ಲಿ ಅವುಗಳನ್ನು ಅಳವಡಿಸಿದಾಗ ಕಟ್ಟೆಯನ್ನು ಎತ್ತರಿಸದೆಯೇ ಸುಮಾರು ಎಂಟು ಅಡಿ ಹೆಚ್ಚು ನೀರು ನಿಂತಿತು. ಇದೇ ಬಾಗಿಲುಗಳು ಮುಂದೆ ಗ್ವಾಲಿಯರಿಗೆ ಹೋದವು. ಕೊನೆಗೆ ಕೃಷ್ಣರಾಜಸಾಗರಕ್ಕೂ ಬಂದವು. ಪುಣೆಯಲ್ಲಿ ಕಲಿತದ್ದು ಕಾವೇರಿಗೆ ಬಂದು ಸೇರಿತು.

ನೀರಾ ನಾಲೆಯ ಕೆಳಗಿನ ರೈತರಿಗಾಗಿ ಅವರು ರೂಪಿಸಿದ ವಿಭಾಗ ಪದ್ಧತಿಯೂ ಹೇಳತಕ್ಕದ್ದೇ. ನಾಲೆಯ ನೀರೆಲ್ಲವೂ ಮೇಲಿನ ಕೆಲವೇ ಗ್ರಾಮಗಳ ಪಾಲಾಗದೆ, ಗೊತ್ತಾದ ಭೂಭಾಗಗಳಲ್ಲಿ ಬೆಳೆಗಳನ್ನು ಬದಲಿಸುತ್ತ ಹಲವು ಗ್ರಾಮಗಳಿಗೆ ಹಂಚಿಕೆಯಾಗಬೇಕೆಂಬುದು ಅದರ ತಿರುಳು. ಮೊದಲು ರೈತರು ಸಂದೇಹಪಟ್ಟರು, ಪತ್ರಿಕೆಗಳು ಟೀಕಿಸಿದವು. ಅವರು ಕೋಪಿಸಿಕೊಳ್ಳಲಿಲ್ಲ, ಕುಳಿತು ವಿವರಿಸಿದರು.

ಸರ್ಕಾರಿ ನೌಕರಿಯಲ್ಲಿ ರಜೆಯೆಂದರೆ ವಿಶ್ರಾಂತಿಯೆಂದು ಸಾಮಾನ್ಯರ ತಿಳಿವಳಿಕೆ. 1898ರಲ್ಲಿ ರಜೆ ದೊರೆತಾಗ ಅವರು ಜಪಾನಿಗೆ ಹೊರಟರು. ಒಂದು ಏಷ್ಯಾದ ದೇಶ ಒಂದೇ ತಲೆಮಾರಿನಲ್ಲಿ ಶಾಲೆಗಳನ್ನೂ ಕಾರ್ಖಾನೆಗಳನ್ನೂ ಹೇಗೆ ಕಟ್ಟಿಕೊಂಡಿತೆಂಬುದನ್ನು ಕಣ್ಣಾರೆ ಕಂಡರು. ಮುಂದೆ 1908, 1919, 1926, 1935, 1946ರಲ್ಲಿ, ಹೀಗೆ ಒಟ್ಟು ಆರು ಸಲ ವಿದೇಶಗಳನ್ನು ಸುತ್ತಿದರು. ಕೊನೆಯ ಪ್ರವಾಸದ ವೇಳೆಗೆ ಅವರ ವಯಸ್ಸು ಎಂಬತ್ತೈದರ ಆಸುಪಾಸು. ಎಲ್ಲಿ ಹೋದರೂ ಅವರ ಮನಸ್ಸಿನಲ್ಲಿದ್ದ ಪ್ರಶ್ನೆ ಒಂದೇ: ಇದನ್ನು ನಮ್ಮ ನಾಡಿನಲ್ಲಿ ಮಾಡುವುದು ಹೇಗೆ?

ಮುಂಬಯಿ ಸರ್ಕಾರದಲ್ಲಿ ಅತ್ಯುನ್ನತ ಹುದ್ದೆ ಭಾರತೀಯನಿಗೆ ದೊರೆಯುವ ಕಾಲ ಅದಾಗಿರಲಿಲ್ಲ. 1908ರಲ್ಲಿ ಅವರು ಆ ಸೇವೆಯನ್ನು ಬಿಟ್ಟರು. ವಿದೇಶ ಪ್ರವಾಸದಲ್ಲಿ ಇರುವಾಗಲೇ ಹೈದರಾಬಾದಿನಿಂದ ಕರೆ ಬಂದಿತು. ಆ ವರ್ಷದ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ನಗರವನ್ನು ಹಾಳುಗೆಡವಿತ್ತು. ಸಾವಿರಾರು ಜನ ಸತ್ತಿದ್ದರು. ನದಿಯ ಮೇಲ್ಭಾಗದಲ್ಲಿದ್ದ ಕೆರೆಗಳು ಒಂದರ ಹಿಂದೆ ಒಂದು ಒಡೆದದ್ದು ಅನಾಹುತವನ್ನು ಹೆಚ್ಚಿಸಿತ್ತು. 1909ರಲ್ಲಿ ಅವರು ಅಲ್ಲಿಗೆ ಹೋಗಿ, ಮೂಸಿಗೂ ಅದರ ಉಪನದಿ ಈಸಿಗೂ ನಗರದ ಮೇಲ್ಗಡೆ ಜಲಾಶಯಗಳನ್ನು ಕಟ್ಟಬೇಕೆಂದು ಯೋಜನೆ ಕೊಟ್ಟರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಪೂರ್ಣಗೊಂಡವು. ನಗರಕ್ಕೆ ಪ್ರವಾಹದಿಂದ ರಕ್ಷಣೆಯೂ ಕುಡಿಯುವ ನೀರೂ ದೊರೆತವು. ಹೈದರಾಬಾದಿನ ಕನ್ನಡಿಗರು ಈ ಕೆರೆಗಳ ದಂಡೆಗೆ ಹೋದಾಗ ಇದನ್ನು ಮಕ್ಕಳಿಗೆ ಹೇಳಬೇಕು.

ಅದೇ 1909ರ ಕೊನೆಯಲ್ಲಿ ಮೈಸೂರಿನ ಕರೆಗೆ ಓಗೊಟ್ಟು ಮುಖ್ಯ ಇಂಜಿನಿಯರಾಗಿ ತವರಿಗೆ ಮರಳಿದರು. 1912ರಲ್ಲಿ ದಿವಾನರಾದರು. ಮುಂದಿನ ಆರು ವರ್ಷಗಳ ಕಥೆ ಎಲ್ಲರಿಗೂ ಗೊತ್ತಿರುವುದೇ. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ. ಯುದ್ಧದಿಂದಾಗಿ ಶ್ರೀಗಂಧದ ಮರ ಹೊರದೇಶಕ್ಕೆ ಹೋಗದೆ ರಾಶಿ ಬಿದ್ದಾಗ ನಾಡಿನಲ್ಲಿಯೇ ಎಣ್ಣೆ ತೆಗೆಯುವ ಕಾರ್ಖಾನೆ ತೆರೆಯಿತು. ಅದರ ಬೆನ್ನಿಗೆ ಗಂಧದ ಸಾಬೂನು ಬಂದಿತು. ದೂರದ ಊರಿನಲ್ಲಿರುವ ನಮ್ಮ ಬಚ್ಚಲುಮನೆಗಳಿಗೂ ತವರಿನ ಪರಿಮಳ ತಲಪುತ್ತಿರುವುದು ಹೀಗೆ.

ಕನ್ನಂಬಾಡಿಯ ಕಟ್ಟೆಯ ಕೆಲಸ 1911ರಲ್ಲಿಯೇ ಆರಂಭವಾಗಿತ್ತು. ಅದರಿಂದ ಮಂಡ್ಯ ಸೀಮೆ ಹಸಿರಾಯಿತು, ಬೆಳಕೂ ಬಂದಿತು. ಆದರೆ ಕನ್ನಂಬಾಡಿ ಎಂಬ ಹಳೆಯ ಊರು ನೀರಿನಡಿಗೆ ಹೋಯಿತು. ಅಲ್ಲಿಯ ಜನ ಎದ್ದು ಹೋಗಿ ಹೊಸ ಕನ್ನಂಬಾಡಿಯನ್ನು ಕಟ್ಟಿಕೊಂಡರು. ಮೋಕ್ಷಗುಂಡಂನಿಂದ ಬಂದವರಂತೆ ಇವರೂ ಹೆಸರನ್ನು ಹೊತ್ತು ನಡೆದರು. ನಾಡು ಪಡೆದ ಸುಖಕ್ಕೆ ಕೆಲವರು ತೆತ್ತ ಬೆಲೆಯನ್ನೂ ನೆನೆಯುವುದು ನ್ಯಾಯ.

ಕುಟುಂಬದ ವಿಷಯದಲ್ಲಿ ಅವರ ನಡತೆ ಕಠಿಣವೆಂದು ಕಂಡೀತು. ದಿವಾನ್ ಪದವಿಗೆ ಮೊದಲು ಬಂಧುಗಳನ್ನೆಲ್ಲ ಊಟಕ್ಕೆ ಕರೆದು, ತಮ್ಮ ಅಧಿಕಾರದಿಂದ ಯಾರೂ ಸಹಾಯ ಕೇಳಕೂಡದೆಂದು ತಿಳಿಸಿದರೆಂದು ಹೇಳುತ್ತಾರೆ. ಅವರ ಬಗೆಗೆ ಹುಟ್ಟಿಕೊಂಡ ಕಥೆಗಳು ಅನೇಕ. ಎರಡು ಮೇಣದ ಬತ್ತಿಗಳ ಕಥೆಯನ್ನು ಕೇಳದ ಮಗುವಿಲ್ಲ. ಅವುಗಳಲ್ಲಿ ಎಷ್ಟು ನಡೆದದ್ದು, ಎಷ್ಟು ಜನರ ಪ್ರೀತಿ ಕಟ್ಟಿದ್ದು ಎಂದು ಬೇರ್ಪಡಿಸುವುದು ಕಷ್ಟ. ಒಬ್ಬನ ನಡತೆಯಲ್ಲಿ ಹುರುಳಿಲ್ಲದೆ ಅವನ ಸುತ್ತ ಅಂಥ ಕಥೆಗಳು ಬೆಳೆಯುವುದಿಲ್ಲ ಎಂಬುದಂತೂ ನಿಜ.

ಗೃಹಸ್ಥ ಜೀವನದ ಸುಖ ಅವರಿಗೆ ಒದಗಲಿಲ್ಲ. ಮಕ್ಕಳಿರಲಿಲ್ಲ, ದೀರ್ಘಾಯುಷ್ಯದ ಬಹು ಭಾಗವನ್ನು ಒಂಟಿಯಾಗಿಯೇ ಕಳೆದರು. 1951ರಲ್ಲಿ ಪ್ರಕಟವಾದ ಅವರ ಆತ್ಮವೃತ್ತಾಂತ ಕೆಲಸದ ಬದುಕಿನ ನೆನಪುಗಳಿಗೇ ಮೀಸಲು. ಮನೆಯ ಮಾತು ಅದರಲ್ಲಿ ಇಲ್ಲವೆನ್ನುವಷ್ಟು ಕಡಮೆ. ಊರಿಂದೂರಿಗೆ ಅಲೆಯುವ ಉದ್ಯೋಗದಲ್ಲಿ ಮನೆಯೊಳಗಿನ ದೀಪ ಹಲವು ಸಲ ಕಾಯುತ್ತ ಕೂಡಬೇಕಾಗುತ್ತದೆ ಎಂಬುದನ್ನು ನಮ್ಮ ಸಂಸಾರಗಳು ಅನುಭವದಿಂದ ಬಲ್ಲವು. ಅವರ ದುಡಿಮೆಯನ್ನು ಅನುಕರಿಸಬೇಕು. ಅವರಿಗೆ ದೊರೆಯದೆ ಹೋದ ಮನೆಯ ಸುಖವನ್ನು, ದೊರೆತಿರುವ ನಾವು ಕಡೆಗಣಿಸಬಾರದು.

1918ರಲ್ಲಿ ದಿವಾನಗಿರಿಗೆ ರಾಜೀನಾಮೆ ಕೊಟ್ಟರು. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರರಿಗೆ ಸ್ಥಾನಗಳನ್ನು ಕಾದಿರಿಸಬೇಕೆಂಬ ಬೇಡಿಕೆಗೆ ಮಹಾರಾಜರು ಒಲಿದಿದ್ದರು. ಯೋಗ್ಯತೆಯೊಂದೇ ಅಳತೆಗೋಲಾಗಬೇಕೆಂದು ದಿವಾನರು ನಂಬಿದ್ದರು. ಹಳ್ಳಿಹಳ್ಳಿಗೆ ಶಾಲೆಯ ಬಾಗಿಲು ತೆರೆಸಲು ಶ್ರಮಿಸಿದವರು ಅವರೇ. ಆದರೆ ಶಾಲೆಯ ಬಾಗಿಲು ತೆರೆದ ಮಾತ್ರಕ್ಕೆ ಕಚೇರಿಯ ಬಾಗಿಲು ತಾನಾಗಿ ತೆರೆಯದು ಎಂದವರ ಮಾತಿನಲ್ಲಿಯೂ ಸತ್ಯವಿತ್ತು. ಕಾಲ ಆ ಮಾತನ್ನೇ ಎತ್ತಿಹಿಡಿಯಿತು. ದೊಡ್ಡವರ ಎಲ್ಲ ತೀರ್ಮಾನಗಳನ್ನೂ ಒಪ್ಪಿಯೇ ಅವರನ್ನು ಗೌರವಿಸಬೇಕೆಂಬ ನಿಯಮವೇನೂ ಇಲ್ಲ. ತಮ್ಮ ನಂಬಿಕೆಗೂ ಪದವಿಗೂ ಹೊಂದಿಕೆಯಾಗದೆ ಹೋದಾಗ ಪದವಿಯನ್ನು ಬಿಟ್ಟರು ಎಂಬುದು ಅವರ ದೊಡ್ಡತನ.

ಅಧಿಕಾರ ಹೋಯಿತು, ಕೆಲಸ ನಿಲ್ಲಲಿಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತರು. ಅಲ್ಲಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಮುಂದೆ ಬೆಂಗಳೂರಿನಲ್ಲಿ ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ವಿನಿಯೋಗಿಸುವಂತೆ ಮಾಡಿದರು. ಅದಕ್ಕೆ ಹೆಸರಿಟ್ಟದ್ದು ಜಯಚಾಮರಾಜೇಂದ್ರರದು. 1937ರಲ್ಲಿ ಒರಿಸ್ಸಾದ ಪ್ರವಾಹಗಳ ಪರಿಶೀಲನೆ, 1941ರಲ್ಲಿ ಮುಂಬಯಿಯಲ್ಲಿ ಅಖಿಲ ಭಾರತ ಉತ್ಪಾದಕರ ಸಂಸ್ಥೆಯ ಸ್ಥಾಪನೆ. ತೊಂಬತ್ತು ದಾಟಿದ ಮೇಲೆಯೂ ಬಿಹಾರಕ್ಕೆ ಹೋಗಿ ಗಂಗಾನದಿಗೆ ಸೇತುವೆ ಕಟ್ಟುವ ಸ್ಥಳವನ್ನು ಪರಿಶೀಲಿಸಿದರು. ಮೊಕಾಮಾದ ಆ ಸೇತುವೆ 1959ರಲ್ಲಿ ಸಂಚಾರಕ್ಕೆ ತೆರೆದಾಗ ಅದನ್ನು ಕೇಳಲು ಅವರಿನ್ನೂ ಇದ್ದರು.

ಇಷ್ಟು ದೀರ್ಘ ಆರೋಗ್ಯದ ಗುಟ್ಟೇನೆಂದು ಜನ ಕೇಳುತ್ತಾರೆ. ಗುಟ್ಟೇನೂ ಇಲ್ಲ. ಹಿತಮಿತವಾದ ಊಟ, ತಪ್ಪದ ನಡಿಗೆ, ಹೊತ್ತಿಗೆ ಸರಿಯಾದ ದಿನಚರಿ, ಅಚ್ಚುಕಟ್ಟಾದ ಉಡುಪು, ನಾಳೆಗೊಂದು ಕೆಲಸ. ಇವುಗಳಲ್ಲಿ ಹಣ ಕೊಟ್ಟು ತರಬೇಕಾದ ಔಷಧ ಒಂದೂ ಇಲ್ಲ. ಕೊನೆಯದು ಎಲ್ಲಕ್ಕಿಂತ ಮುಖ್ಯ. ನಿವೃತ್ತರಾದ ಮೇಲೆ ಮಗನ ಮನೆಗೆಂದು ಪರ ಊರಿಗೆ ಬಂದು, ಕಿಟಕಿಯ ಬಳಿ ಕುಳಿತು ಹೊತ್ತು ಕಳೆಯುವ ಹಿರಿಯರು ನಮ್ಮ ಕುಟುಂಬಗಳಲ್ಲಿ ಕಡಮೆಯಿಲ್ಲ. ಅವರಿಗೆ ಕೇವಲ ಅನ್ನ, ಹಾಸಿಗೆ ಸಾಲದು. ಕೈಗೆ ಹೊಂದುವ ಒಂದು ಕೆಲಸವೂ, ಕೇಳುವ ಒಂದು ಕಿವಿಯೂ ಬೇಕು. ಮೊಮ್ಮಕ್ಕಳಿಗೆ ಕನ್ನಡದ ಅಕ್ಷರ ತಿದ್ದಿಸುವುದಕ್ಕಿಂತ ಉತ್ತಮವಾದ ಕೆಲಸ ಇನ್ನಾವುದಿದ್ದೀತು?

1955ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. 1960ರಲ್ಲಿ ಶತಮಾನೋತ್ಸವದ ನೆನಪಿಗೆ ಅವರ ಚಿತ್ರವಿರುವ ಅಂಚೆಚೀಟಿ ಹೊರಟಿತು. 1962ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಾಲವಾದರು. ಅಂತ್ಯಸಂಸ್ಕಾರ ನಡೆದದ್ದು ಮುದ್ದೇನಹಳ್ಳಿಯಲ್ಲಿ. ಸಕ್ಕರ್, ಪುಣೆ, ಹೈದರಾಬಾದು, ಮುಂಬಯಿ, ಟೋಕಿಯೊಗಳನ್ನು ಸುತ್ತಿ ಬಂದ ಜೀವ ಹುಟ್ಟಿದ ಮಣ್ಣಿನಲ್ಲಿಯೇ ಒಂದಾಯಿತು.

ರಾಜ್ಯೋತ್ಸವದ ದಿನ ನಾವು ನಾಡನ್ನು ದೂರದಿಂದ ನೆನೆಯುತ್ತೇವೆ. ದೂರ ಇದ್ದೇವೆಂಬ ಕೊರಗು ಎಲ್ಲರಲ್ಲಿಯೂ ಇದ್ದದ್ದೇ. ಆದರೆ ವಿಶ್ವೇಶ್ವರಯ್ಯನವರ ಬದುಕನ್ನು ನೋಡಿದರೆ, ಇರುವ ಊರಿನ ಬಾಯಾರಿಕೆಗೆ ನೀರು ಕೊಡುವುದಕ್ಕೂ ಹುಟ್ಟಿದ ಊರನ್ನು ಪ್ರೀತಿಸುವುದಕ್ಕೂ ವಿರೋಧವಿಲ್ಲವೆಂದು ತಿಳಿಯುತ್ತದೆ. ಸಕ್ಕರಿನ ಜನ ಅವರ ಭಾಷೆಯನ್ನು ಕೇಳಲಿಲ್ಲ. ಅವರು ಕೊಟ್ಟ ತಿಳಿನೀರನ್ನು ಕುಡಿದರು. ನಮ್ಮ ಮಕ್ಕಳು ಯಾವ ಊರಿನಲ್ಲಿ ಬೆಳೆದರೂ ಅಲ್ಲಿಯ ಜನಕ್ಕೆ ಬೇಕಾದವರಾಗಲಿ. ಹೆಸರಿನ ಹಿಂದೆ ಒಂದು ಊರಿದೆ ಎಂಬುದನ್ನೂ ಮರೆಯದಿರಲಿ.