ಇಂದಿನ ಧಮ್ಮ ಚಿಂತನೆ: ಕತ್ತಿ ಹಿಡಿದ ಹುಡುಗ ಉಪಾಲಿ



ಉಪಾಲಿ ಥೇರರ ಕಥೆಯನ್ನು ನಾವು ಸಾಮಾನ್ಯವಾಗಿ ಅವರ ಪಬ್ಬಜ್ಜೆಯಿಂದ ಶುರು ಮಾಡುತ್ತೇವೆ. ಇವತ್ತು ಅದಕ್ಕೂ ಮೊದಲು, ಅವರಿನ್ನೂ ಕ್ಷೌರ ಕಲಿಯುತ್ತಿದ್ದ ಹುಡುಗನಾಗಿದ್ದಾಗಿನಿಂದ ನೋಡೋಣ.

ಕಪಿಲವಸ್ತುವಿನ ಕ್ಷೌರಿಕರ ಮನೆಯಲ್ಲಿ ಹುಟ್ಟಿದವರು ಉಪಾಲಿ. ಭಗವಾನ್ ಬುದ್ಧರು ಆ ಊರಿಗೆ ಬಂದಿದ್ದಾಗ ತಾಯಿಯೇ ಮಗನನ್ನು ಕರೆತಂದು ಅವರ ಕೇಶ ತೆಗೆಯಲು ನಿಲ್ಲಿಸಿದಳೆಂದು ಮಹಾವಸ್ತು ಎಂಬ ಹಳೆಯ ಗ್ರಂಥ ಹೇಳುತ್ತದೆ. ಈಗಿನ ಬ್ಲೇಡಿನ ರೇಜರ್ ಅಲ್ಲ, ತೆರೆದ ಕತ್ತಿ. ಒಂದು ಕೈ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಬೇಕು, ಇನ್ನೊಂದು ಕೈಯ ಕತ್ತಿ ಮಲಗಿದ ಹಾಗೆ ಸಾಗಬೇಕು. ತುಸು ಎದ್ದರೂ ಕೊಯ್ಯುತ್ತದೆ. ಹೊಸಬನಿಗೆ ಕೈಗಿಂತ ಮೊದಲು ಉಸಿರು ನಡುಗುತ್ತದೆ.

ತಾಯಿಗೆ ಆತಂಕ. ಮಗ ಸರಿಯಾಗಿ ಮಾಡುತ್ತಿದ್ದಾನೆಯೇ ಎಂದು ಕೇಳುತ್ತಾಳೆ. ಭಗವಾನರು ಗದರುವುದಿಲ್ಲ. ಕೆಲಸ ಚೆನ್ನಾಗಿದೆ, ಮೈಯ ನಿಲುವು ಮಾತ್ರ ಸರಿಯಾಗಬೇಕು ಎನ್ನುತ್ತಾರೆ. ಹುಡುಗ ತಿದ್ದಿಕೊಳ್ಳುತ್ತಾನೆ, ತಿದ್ದಿಕೊಳ್ಳುತ್ತಲೇ ಅವನ ಮನಸ್ಸು ಮೊದಲ ಧ್ಯಾನದಲ್ಲಿ ನೆಲೆಯಾಗುತ್ತದೆ. ತಾಯಿ ಮತ್ತೆ ಕೇಳುತ್ತಾಳೆ, ಮತ್ತೆ ಒಂದು ತಿದ್ದುಪಡಿ. ಹೀಗೆ ಮಾತು ಉಸಿರಿಗೆ ಬರುತ್ತದೆ. ಒರಟಾಗಿದ್ದ ಉಸಿರು ನಯವಾಗುತ್ತದೆ. ನಾಲ್ಕನೆಯ ಧ್ಯಾನದ ಹೊತ್ತಿಗೆ ಹುಡುಗ ಬಿದ್ದಾನು, ಕತ್ತಿ ತೆಗೆದುಕೊಳ್ಳಿ ಎಂದು ಭಗವಾನರೇ ಹೇಳಬೇಕಾಗುತ್ತದೆ. ಮೊದಲು ಈ ಕೆಲಸ ಬಿಡು, ಧ್ಯಾನ ಆಮೇಲೆ ಎಂದು ಅವರು ಹೇಳಲಿಲ್ಲ, ಗಮನಿಸಿ. ಕತ್ತಿ ಕೈಯಲ್ಲಿದ್ದಾಗಲೇ ಧ್ಯಾನ ನಡೆಯಿತು.

ಇಲ್ಲಿಗೆ ಬಂದಾಗಲೆಲ್ಲ ನನಗೆ ಸಾತಾರಾದ ಮನೆಯೊಂದು ನೆನಪಾಗುತ್ತದೆ. ಊರಲ್ಲಿ ಕ್ಷೌರಿಕರಿದ್ದರು, ಕೊಡಲು ದುಡ್ಡೂ ಇತ್ತು, ಆದರೆ ಅಸ್ಪೃಶ್ಯರ ತಲೆ ಮುಟ್ಟುವವರು ಇರಲಿಲ್ಲ. ಬಾಲಕ ಭೀಮನಿಗೂ ಮನೆಯ ಹುಡುಗರಿಗೂ ಅಕ್ಕನೇ ಕ್ಷೌರ ಮಾಡುತ್ತಿದ್ದರು. ಅವರ ತಲೆಗಳ ಮೇಲೆಯೇ ಕಲಿತು ಪಳಗಿದರು ಎಂದು ಬಾಬಾಸಾಹೇಬರು ಬರೆದಿದ್ದಾರೆ. ಆ ಅಕ್ಕನ ಮೊದಲ ದಿನ ಹೇಗಿತ್ತೋ! ತಮ್ಮನ್ನು ಮುಟ್ಟದ ಆ ಕಸುಬಿನವರ ಮೇಲೆ ಬಾಬಾಸಾಹೇಬರು ಹಗೆ ಇಟ್ಟುಕೊಳ್ಳಲಿಲ್ಲ. 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಕೆಳಗಿನವರ ದೀಕ್ಷೆಯ ಭಾಗಕ್ಕೆ ಬಂದಾಗ ಅವರು ಮೊದಲು ನಿಲ್ಲಿಸಿದ್ದು ಕ್ಷೌರಿಕ ಉಪಾಲಿಯನ್ನೇ.

ಮುಂದಿನದು ನಿಮಗೆ ಗೊತ್ತಿದೆ. ಭದ್ದಿಯ, ಅನುರುದ್ಧ, ಆನಂದ, ಭಗು, ಕಿಮಿಲ, ದೇವದತ್ತ ಮನೆ ಬಿಟ್ಟು ಹೊರಟರು. ಗಡಿ ದಾಟಿದ ಮೇಲೆ ಒಡವೆಗಳನ್ನೆಲ್ಲ ಗಂಟು ಕಟ್ಟಿ ಉಪಾಲಿಗೆ ಕೊಟ್ಟು, ಇನ್ನು ಇದರಲ್ಲಿ ಬದುಕಿಕೋ ಎಂದು ಹಿಂದಕ್ಕೆ ಕಳಿಸಿದರು. ಸ್ವಲ್ಪ ದೂರ ಹೋಗಿ ಅವರು ಯೋಚಿಸಿದರು. ಕುಮಾರರ ಒಡವೆ ಕ್ಷೌರಿಕನ ಕೈಯಲ್ಲಿ ಕಂಡರೆ ಕೊಲೆಯ ಆರೋಪವೇ ಬರುತ್ತದೆ. ಬಡವನ ಕೈಗೆ ಬಂದ ಚಿನ್ನದ ಗತಿ ಆಗಲೂ ಅಷ್ಟೇ. ಗಂಟನ್ನು ಮರಕ್ಕೆ ನೇತುಹಾಕಿ, ಬೇಕಾದವರು ಒಯ್ಯಲಿ ಎಂದು ಕುಮಾರರ ಹಿಂದೆಯೇ ನಡೆದರು.

ಅನುಪಿಯದಲ್ಲಿ ಕುಮಾರರೇ ಭಗವಾನರನ್ನು ಬೇಡಿಕೊಂಡರು: ಶಾಕ್ಯರೆಂಬ ನಮ್ಮ ಗರ್ವ ಇಳಿಯಬೇಕು, ಮೊದಲು ಉಪಾಲಿಗೆ ದೀಕ್ಷೆ ಕೊಡಿ. ಸಂಘದಲ್ಲಿ ಮೊದಲು ಬಂದವರೇ ಹಿರಿಯರು. ಹಾಗಾಗಿ ತಮ್ಮ ತಲೆ ಬೋಳಿಸುತ್ತಿದ್ದವನಿಗೆ ಅವರೆಲ್ಲ ತಲೆಬಾಗಿ ಕೈಮುಗಿದರು.

ಭಿಕ್ಖುವಿನ ಎಂಟು ಪರಿಕರಗಳಲ್ಲಿ ಕ್ಷೌರದ ಕತ್ತಿಯೂ ಒಂದು. ಉಪಾಲಿ ಬಿಟ್ಟುಬಂದ ಕಸುಬಿನ ಆಯುಧ ಹೀಗೆ ಎಲ್ಲರ ಬಳಿಯೂ ಇತ್ತು. ಭಗವಾನರ ಮಹಾಪರಿನಿಬ್ಬಾಣದ ನಂತರ ರಾಜಗೃಹದಲ್ಲಿ 500 ಥೇರರು ಸೇರಿದಾಗ ಮಹಾಕಸ್ಸಪರು ವಿನಯವನ್ನು ಕೇಳಿದ್ದು ಉಪಾಲಿಯವರನ್ನು. ಯಾವ ನಿಯಮ, ಎಲ್ಲಿ, ಯಾರ ಕಾರಣದಿಂದ ಬಂತು ಎಂದು ಅವರು ಒಂದೊಂದಾಗಿ ಹೇಳಿದರು. ರಾಜಕುಮಾರ ಆನಂದರ ಸರದಿ ಬಂದದ್ದು ಆಮೇಲೆ.

ನಮೋ ಬುದ್ಧಾಯ.